ಬಾ ಎಂದು ಕೊಟ್ಟ ರಿಂಗ್

ಮಗ್ಗೆ ಊರಿನ ಕಡೆಯಿಂದ ನಮ್ಮ ಮನೆಗೆ ಬರುವವರಿಗೆ ಟಾರು ರಸ್ತೆ ದಾರಿ ತೋರಿಸುವ ಕೈಮರದ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಎರಡು ಎಸ್ಟೇಟುಗಳ ನಡುವಿನ ಮಣ್ಣಿನ ದಾರಿ. ಎರಡೂ ಕಡೆ ಕಾಫಿ, ಮೇಲೆ ಸಿಲ್ವರ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಹಗಲಲ್ಲೂ ಅಲ್ಲಿ ಕಣ್ಣು ಹೊಂದಿಸಿಕೊಳ್ಳಬೇಕು. ಕೈಮರದಲ್ಲಿ ಫೋನಿಗೆ ಟವರ್ ಸಿಗುತ್ತದೆ, ದಾರಿಯಲ್ಲಿ ಸಿಗುವುದಿಲ್ಲ, ಮತ್ತೆ ಸಿಗುವುದು ನಮ್ಮ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಆ ಮೂಲೆಯ ಕಂಬಕ್ಕೆ ಒರಗಿ ಕೂತರೆ ಎಲ್ಲವೂ ಬರುತ್ತದೆ. ಸ್ವಲ್ಪ ಈಚೆ ಸರಿದರೆ ಮಾತು ಕಡಿದುಹೋಗುತ್ತದೆ.

ನಮ್ಮ ಕಡೆ ಸಂಜೆ ಹೊರಗಿನಿಂದ ಬರುವವರು ಯಾರೇ ಆಗಲಿ ಕೈಮರದಲ್ಲಿ ಗಾಡಿ ನಿಲ್ಲಿಸುತ್ತಾರೆ. ಆನೆ ಎಲ್ಲಿದೆ ಎಂದು ತಿಳಿಯದೆ ಕೆಳಗೆ ಇಳಿಯುವುದಿಲ್ಲ. ಸುತ್ತಲಿನ ಎಸ್ಟೇಟಿನವರೆಲ್ಲ ಸೇರಿ ಮಾಡಿಕೊಂಡ ಒಂದು ಗ್ರೂಪ್ ಫೋನಿನಲ್ಲಿದೆ. ಆನೆ ಕಂಡವರು ಅದರಲ್ಲಿ ಬರೆಯುತ್ತಾರೆ. ಯಾವ ಗೇಟಿನ ಹತ್ತಿರ, ಒಂಟಿಯೋ ಗುಂಪೋ, ಯಾವ ಕಡೆಗೆ ಮುಖ. ಕೈಮರದ ಟವರ್ ಮಾತಿಗಷ್ಟೇ, ಅಲ್ಲಿ ಗ್ರೂಪ್ ತೆರೆಯುವುದಿಲ್ಲ. ಹಾಗಾಗಿ ಅಲ್ಲಿ ನಿಂತವರು ಮನೆಗೆ ಮಿಸ್ಡ್ ಕಾಲ್ ಕೊಡುತ್ತಾರೆ. ಮನೆಯಲ್ಲಿದ್ದವರು ಗ್ರೂಪ್ ನೋಡಿ ತಿರುಗಿ ರಿಂಗ್ ಕೊಡಬೇಕು. ನಮ್ಮ ಮನೆಯ ಕಟ್ಟಳೆ ಹೀಗಿತ್ತು: ಒಂದು ಸಲ ರಿಂಗ್ ಆಗಿ ನಿಂತರೆ ಬಾ ಎಂದು. ನಿಂತು ಇನ್ನೊಂದು ಸಲ ಆದರೆ ಅಲ್ಲೇ ಇರು ಎಂದು.

ಈ ಕಟ್ಟಳೆ ಮಾಡಿದವಳು ನನ್ನ ತಂಗಿ. ಮಾಡಿದ್ದು ನನಗಾಗಿ. ನಾನು ಶಾಲೆಗೆ ಹೋದದ್ದು ಕಡಿಮೆ. ಅಪ್ಪ ತೀರಿಕೊಂಡ ವರ್ಷ ಶಾಲೆ ಬಿಟ್ಟು ಕಾಫಿ ಕೆಲಸಕ್ಕೆ ಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಬಸ್ಸಿನ ಬೋರ್ಡು ಓದುತ್ತೇನೆ, ಗೊಬ್ಬರದ ಚೀಲದ ಮೇಲಿನದು ಓದುತ್ತೇನೆ. ಫೋನಿನಲ್ಲಿ ಬರೆಯಲು ಬರುವುದಿಲ್ಲ. ತಂಗಿ ಪಿಯುಸಿ ಮುಗಿಸಿ ಹೊಲಿಗೆ ಕಲಿತು ಆಲೂರಿನ ಒಂದು ಟೈಲರ್ ಅಂಗಡಿಗೆ ಸ್ಕೂಟರಿನಲ್ಲಿ ಹೋಗಿ ಬರುತ್ತಾಳೆ. ಅವಳು ಒಂದು ದಿನ ಹೇಳಿದಳು, "ಅಣ್ಣಯ್ಯ, ನೀನೇನೂ ಬರೀಬೇಡ. ಬಾ ಅಂದ್ರೆ ಒಂದು ರಿಂಗು. ಬರಬೇಡ ಅಂದ್ರೆ ಎರಡು. ಇಷ್ಟು ಮಾಡಕ್ಕೆ ಆಗ್ದೇ ಇರ್ತದಾ ನಿಂಗೆ?"

ಇಷ್ಟು ಮಾಡಲು ನನಗೆ ಆಗಲಿಲ್ಲ. ಆ ವಿಷಯವನ್ನೇ ಹೇಳಲು ಕೂತಿದ್ದೇನೆ.

ನಾನು ಎಸ್ಟೇಟಿನಲ್ಲಿ ಪಂಪಿನವನು. ಬೇಸಿಗೆಯಲ್ಲಿ ಕೆರೆ ಪಕ್ಕ ಇಂಜಿನ್ ಇಟ್ಟು ಕಾಫಿಗೆ ನೀರು ಹಾರಿಸುತ್ತೇವೆ. ಒಂದು ಜಾಗ ನೆನೆಯುವವರೆಗೆ ಸುಮ್ಮನೆ ಕೂರಬೇಕು, ಆಮೇಲೆ ಎದ್ದು ಪೈಪು ಬಿಚ್ಚಿ ಮುಂದಿನ ಜಾಗಕ್ಕೆ ಜೋಡಿಸಬೇಕು. ಕೂರುವ ಹೊತ್ತೇ ಹೆಚ್ಚು. ಇಂಜಿನ್ನಿನ ಸದ್ದಿಗೆ ಪಕ್ಕದವನ ಮಾತೂ ಕೇಳುವುದಿಲ್ಲ. ಅಂಥ ಒಂದು ಮಧ್ಯಾಹ್ನ ಜೊತೆಗಾರನೊಬ್ಬ ನನ್ನ ಫೋನಿಗೆ ಒಂದು ಆಟ ಹಾಕಿಕೊಟ್ಟ. ಬೇಸಾಯದ ಆಟ. ಅದನ್ನು ಆಡಲು ಅಕ್ಷರ ಬೇಕಿರಲಿಲ್ಲ. ಎಲ್ಲವೂ ಚಿತ್ರ, ಎಲ್ಲವೂ ಬಣ್ಣ. ಹಸಿರು ಗುಂಡಿ ಮಿಣುಕಿದರೆ ಒತ್ತು, ಅಷ್ಟೇ.

ನಗಬಾರದು, ಅದು ನನಗೆ ಬಹಳ ಹಿಡಿಸಿತು. ಹುಟ್ಟಿದಾಗಿನಿಂದ ಇನ್ನೊಬ್ಬರ ತೋಟಕ್ಕೆ ನೀರು ಹಾರಿಸಿದವನಿಗೆ ಅಲ್ಲಿ ಒಂದು ತೋಟವಿತ್ತು, ಅದು ನನ್ನದಾಗಿತ್ತು. ನಾನು ಬಿತ್ತಿದ್ದು ನನ್ನ ಕಣ್ಣೆದುರೇ ಮೊಳೆಯುತ್ತಿತ್ತು. ಕೊಯ್ದಾಗ ಹಾಡು ಬರುತ್ತಿತ್ತು. ಬೇಲಿ ಹಾಕಿದೆ, ಕೋಳಿ ಸಾಕಿದೆ, ಕೆರೆ ತೋಡಿಸಿದೆ. ದಿನಾ ಬೆಳಿಗ್ಗೆ ಹೋದರೆ ಒಂದು ಪೆಟ್ಟಿಗೆ ಕೊಡುತ್ತಿತ್ತು. ಒಂದು ದಿನ ತಪ್ಪಿದರೆ ಪೆಟ್ಟಿಗೆಗಳ ಸಾಲು ಅಳಿಸಿ ಮತ್ತೆ ಮೊದಲಿನಿಂದ. ತಪ್ಪಿಸಬಾರದು ಎಂದು ಹಬ್ಬದ ದಿನ ಕೂಡ ಎದ್ದ ಕೂಡಲೇ ಕಂಬದ ಮೂಲೆಗೆ ಹೋಗುತ್ತಿದ್ದೆ. ಅವ್ವ ಕೇಳುತ್ತಿದ್ದಳು, "ಏನ್ಲಾ ಅದು, ಮುಖ ತೊಳೆಯಕ್ಕೂ ಮುಂಚೆ? ದೇವ್ರ ದೀಪಕ್ಕೆ ಒಂದಿನ ಹಿಂಗೆ ಎದ್ದಿದ್ಯಾ?"

"ಗ್ರೂಪ್ ನೋಡ್ತೀನಿ ಕಣವ್ವ, ಆನೆದು," ಎನ್ನುತ್ತಿದ್ದೆ.

ಮೊದಲ ಸುಳ್ಳು ಅದೇ ಇರಬೇಕು.

ಆ ಆಟಕ್ಕೆ ನನ್ನನ್ನು ಕರೆಯಲು ಗೊತ್ತಿತ್ತು. ಇಷ್ಟು ಹೊತ್ತಿನೊಳಗೆ ಕೊಯ್ಯದಿದ್ದರೆ ಬೆಳೆ ಬಾಡುತ್ತದೆ ಎಂದು ಹುಂಜ ಕೂಗುತ್ತಿತ್ತು. ಕೊಯ್ದ ಮೇಲಾದರೂ ಬಿಡುತ್ತದೆಯೋ ಎಂದರೆ, ಇನ್ನೇನು ಹಸು ಈಯುತ್ತದೆ, ಸ್ವಲ್ಪ ಇರು ಎನ್ನುತ್ತಿತ್ತು. ನಿಜವಾದ ಬೆಳೆಗೆ ಒಂದು ಗುಣ ಇದೆ. ಅದಕ್ಕೆ ಬೇಕಾದ್ದನ್ನು ಮಾಡಿ ಬಂದರೆ ಅದು ನಮ್ಮನ್ನು ಮನೆಗೆ ಕಳಿಸುತ್ತದೆ. ಗೊಬ್ಬರ ಹಾಕಿ ಆಯಿತು, ಇನ್ನು ಹೋಗಿ ಮಲಗು ಎನ್ನುತ್ತದೆ. ಈ ಬೆಳೆ ಹಾಗೆ ಹೇಳಿದ್ದೇ ಇಲ್ಲ. ಇದೆಲ್ಲ ಈಗ ಹೇಳುವಾಗ ಹೊಳೆಯುತ್ತಿದೆ. ಆಗ ನನಗೆ ಬೇಕಾದವರು ಯಾರೋ ಕೂಗಿದಂತೆ ಆಗುತ್ತಿತ್ತು, ಹೋಗುತ್ತಿದ್ದೆ.

ಆಡುತ್ತಿರುವಾಗ ಬೇರೆ ಮೆಸೇಜುಗಳು ಬಾರದ ಹಾಗೆ ಮಾಡಲೇ ಎಂದು ಒಂದು ದಿನ ಫೋನು ಕೇಳಿತು. ನನಗೆ ಪೂರ್ತಿ ಓದಲಾಗಲಿಲ್ಲ. ಹಸಿರು ಗುಂಡಿ ಇತ್ತು, ಒತ್ತಿದೆ. ಅಂದಿನಿಂದ ಆಟದೊಳಗೆ ಇರುವಾಗ ಗ್ರೂಪಿನ ಸದ್ದು ಬರಲಿಲ್ಲ. ತೊಂದರೆ ತಪ್ಪಿತು ಎಂದುಕೊಂಡೆ.

ಗದ್ದೆಯ ಭತ್ತ ಹಣ್ಣಾಗುವ ಕಾಲ. ಆನೆ ತಗ್ಗಿಗೆ ಇಳಿಯುವುದು ಆಗಲೇ. ಕತ್ತಲೂ ಬೇಗ ಬರುತ್ತದೆ. ಆ ಸಂಜೆ ನಾನು ಮೂಲೆಯಲ್ಲಿ ಕೂತಿದ್ದೆ. ಒಳಗೆ ಅವ್ವ ರೊಟ್ಟಿ ತಟ್ಟುವ ಸದ್ದು. ಆಟದಲ್ಲಿ ಯಾವುದೋ ಜಾತ್ರೆ ನಡೆದಿತ್ತು. ಎಲ್ಲ ಬೆಳೆಯನ್ನೂ ಹೊತ್ತಿನೊಳಗೆ ಕೊಯ್ದರೆ ಚಿನ್ನದ ಕೋಳಿ. ಎಷ್ಟೋ ದಿನದಿಂದ ಅದಕ್ಕಾಗಿ ಕಾದಿದ್ದೆ. ಮೇಲಿನ ಗಡಿಯಾರ ಕೆಂಪಾಗಿತ್ತು, ಇನ್ನು ಎರಡೇ ಸಾಲು ಬಾಕಿ. ಆಗ ತಂಗಿಯ ಮಿಸ್ಡ್ ಕಾಲ್ ಬಂತು. ಅವಳ ಹೆಸರು ಬಂದು ಆ ಎರಡು ಸಾಲನ್ನು ಮುಚ್ಚಿಕೊಂಡಿತು.

ಹೇಗೆ ಹೇಳಲಿ, ನನಗೆ ಅವಳ ಮೇಲೆ ಸಿಟ್ಟು ಬಂತು. ಒಂದು ಕ್ಷಣದ್ದು, ಆದರೂ ಬಂತು. ನಾನು ರಿಂಗ್ ಕೊಡದಿದ್ದರೆ ಮತ್ತೆ ಮಾಡುತ್ತಾಳೆ, ಮತ್ತೆ ಮುಚ್ಚುತ್ತದೆ. ಅದಕ್ಕೇ ಕೈ ತಾನಾಗಿ ಅವಳ ನಂಬರ್ ಒತ್ತಿತು. ಒಂದು ರಿಂಗ್ ಆಯಿತು, ಕಡಿದೆ. ತಿರುಗಿ ತೋಟಕ್ಕೆ ಬಂದೆ. ಗ್ರೂಪ್ ನೋಡಲಿಲ್ಲ. ಉಳಿದ ಎರಡು ಸಾಲು ಕೊಯ್ದೆ. ಚಿನ್ನದ ಕೋಳಿ ಬೇಲಿಯ ಮೇಲೆ ಹಾರಿ ಕುಣಿಯಿತು. ಸಂತೋಷದಿಂದ ನಾನು ತೊಡೆ ತಟ್ಟಿಕೊಂಡೆ. ಉಳಿದದ್ದೆಲ್ಲ ಮರೆತರೂ ಆ ಸಂತೋಷ ಮಾತ್ರ ನನಗೆ ಮರೆಯುವುದಿಲ್ಲ.

ರೊಟ್ಟಿ ಮುಗಿಸಿ ಅವ್ವ ಹೊರಗೆ ಬಂದಳು. "ಅವ್ಳ ಗಾಡಿ ಸದ್ದೇ ಇಲ್ವಲ್ಲ ಮಗಾ," ಎಂದಳು.

ಆಗ ಗ್ರೂಪ್ ತೆರೆದೆ. ತಂಗಿ ಮಿಸ್ಡ್ ಕಾಲ್ ಕೊಡುವುದಕ್ಕೆ ಮೊದಲೇ ಬಂದ ಮೆಸೇಜು ಅಲ್ಲಿತ್ತು. ಪಕ್ಕದ ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಬರೆದದ್ದು. ಅಕ್ಷರ ಕೂಡಿಸಿಕೊಂಡು ಓದಿದೆ. ಕೈಮರದ ಕೆಳಗಿನ ತಿರುವಿನಲ್ಲಿ ಒಂಟಿ ಸಲಗ ನಿಂತಿದೆ, ಯಾರೂ ಇಳಿಯಬೇಡಿ.

ನಾನು ಓಡಿದೆ. ಅರ್ಧ ದಾರಿಗೇ ಆ ರೈಟರ್ ಜೀಪು ಎದುರು ಬಂತು. ಹಿಂದಿನ ಸೀಟಿನಲ್ಲಿ ತಂಗಿ ಮಲಗಿದ್ದಳು. ತಿರುವಿನಲ್ಲಿ ಆನೆ ಕಂಡು ಬ್ರೇಕ್ ಹಿಡಿದಿದ್ದಾಳೆ, ಸ್ಕೂಟರ್ ಜಾರಿ ಚರಂಡಿಗೆ ಬಿದ್ದಿದೆ, ಕಾಲು ಅದರ ಕೆಳಗೆ. ಆನೆ ಹತ್ತಿರ ಬಂದು ದಾರಿಯಲ್ಲಿ ಬಿದ್ದಿದ್ದ ಅವಳ ಊಟದ ಬ್ಯಾಗನ್ನು ತುಳಿದು ಕಾಫಿಯೊಳಗೆ ನುಗ್ಗಿತಂತೆ. ಅಷ್ಟು ಹೊತ್ತೂ ಅವಳು ವೇಲನ್ನು ಬಾಯಿಗೆ ತುರುಕಿಕೊಂಡು ಸದ್ದು ಮಾಡದೆ ಬಿದ್ದಿದ್ದಳು. ನನ್ನನ್ನು ನೋಡಿ ಅವಳು ಮೊದಲು ಹೇಳಿದ ಮಾತು, "ಅವ್ವಂಗೆ ಹೇಳ್ಬೇಡ, ಹೆದರ್ಕೋತದೆ."

ರೈಟರ್ ಕೇಳಿದರು, "ಏನ್ ಮಾರಾಯ, ಮೆಸೇಜ್ ಹಾಕಿದ್ನಲ್ಲ ನಾನು. ನೋಡ್ಲಿಲ್ವಾ?"

"ಬರ್ಲಿಲ್ಲ ಸಾರ್," ಎಂದೆ. "ನಾನ್ ನೋಡ್ದಾಗ ಬಂದಿರ್ಲಿಲ್ಲ. ಈಗ ಬಂದೈತೆ ನೋಡಿ."

ಅವರು ನಂಬಿದರು. ನಮ್ಮ ಕಡೆ ಅದನ್ನು ನಂಬದವರು ಯಾರು? ಸಕಲೇಶಪುರದ ಆಸ್ಪತ್ರೆಯಿಂದ ಹಾಸನಕ್ಕೆ ಕಳಿಸಿದರು. ಅಲ್ಲಿ ಕಾಲಿಗೆ ರಾಡು ಹಾಕಿದರು. ಬಂದು ನೋಡಿದವರೆಲ್ಲ ಟವರಿನವರನ್ನು ಬೈದರು. ಹೋಟೆಲಿನಲ್ಲಿ ಟೀ ಕುಡಿಯುವಾಗಲೂ ಅದೇ ಮಾತು. ನಾನೂ ಸೇರಿ ಬೈದೆ. ಒಬ್ಬರು ಮಾತ್ರ ಮಂಚದ ಪಕ್ಕ ನಿಂತು, "ಮನೇಲಿ ಇದ್ದೋನು ಒಂದ್ ಸಲ ಸರಿಯಾಗಿ ನೋಡ್ಬೇಕಿತ್ತು," ಎಂದು ಗೊಣಗಿದರು. ತಂಗಿ ತಲೆ ಎತ್ತಿದಳು. "ಅವ್ನೇನ್ ಮಾಡ್ತಾನೆ? ಇಲ್ದಿರೋ ನೆಟ್ಟನ್ನ ಹೊಟ್ಟೇಲಿಂದ ತೆಗಿತಾನಾ? ನಮ್ಮಣ್ಣಯ್ಯನ್ನ ಏನೂ ಅನ್ಬೇಡಿ."

ನಾನು ನೀರು ತರುವ ನೆಪದಲ್ಲಿ ಹೊರಗೆ ಬಂದೆ. ಹೊರಗಿನ ಬೆಂಚಿನ ಮೇಲೆ ಕೂತಾಗ ಜೇಬಿನಲ್ಲಿ ಹುಂಜ ಕೂಗಿತು. ತೆಗೆದು ನೋಡಿದೆ. ನಿನ್ನ ಬೆಳೆ ಬಾಡುತ್ತಿದೆ ಎನ್ನುವ ಚಿತ್ರ. ನಾನು ಅದನ್ನು ಮುಚ್ಚಿ ಜೇಬಿಗೆ ಹಾಕಿದೆ ಎಂದು ಹೇಳಬಹುದಿತ್ತು. ಹಾಗೆ ಮಾಡಲಿಲ್ಲ. ಆ ಬೆಂಚಿನ ಮೇಲೆ ಕೂತು ಕೊಯ್ದೆ. ಒಳಗೆ ಅವಳಿಗೆ ಇಂಜೆಕ್ಷನ್ ಕೊಡುತ್ತಿದ್ದರು, ಇಲ್ಲಿ ನಾನು ಜೋಳ ಕೊಯ್ಯುತ್ತಿದ್ದೆ.

ಮನೆಗೆ ಬಂದ ಮೇಲೆ ಒಂದು ದಿನ ಅದನ್ನು ತೆಗೆದುಹಾಕಿದೆ. ತೆಗೆಯುವ ಮೊದಲು ಕೊನೆಯ ಸಲ ಒಳಗೆ ಹೋದರೆ ನನ್ನ ಕೋಳಿ ಕಣ್ಣೀರು ಹಾಕುತ್ತಾ ನಿಂತಿತ್ತು. ನಾನು ಇಷ್ಟು ದಿನ ಬಂದಿರಲಿಲ್ಲವಲ್ಲ, ಅದಕ್ಕೆ. ನಮ್ಮ ಮನೆಯ ನಿಜವಾದ ಕೋಳಿಗಳು ನನಗಾಗಿ ಒಂದು ದಿನವೂ ಅತ್ತಿಲ್ಲ. ಅಕ್ಕಿ ಹಾಕುವವರು ಯಾರಾದರೂ ಅವಕ್ಕೆ ಒಂದೇ. ಅಳುವ ಕೋಳಿಯನ್ನು ಯಾರೋ ಒಬ್ಬರು ಮೇಜಿನ ಮುಂದೆ ಕೂತು ಯೋಚಿಸಿ ಬಿಡಿಸಿದ್ದಾರೆ, ಕಣ್ಣೀರು ಎಷ್ಟು ದಪ್ಪ ಇದ್ದರೆ ಪಂಪಿನವನೊಬ್ಬನ ಹೊಟ್ಟೆ ಚುರ್ ಎನ್ನುತ್ತದೆ ಎಂದು ನೋಡಿ ಬಿಡಿಸಿದ್ದಾರೆ ಎಂದು ಹೊಳೆದದ್ದು ಆಗಲೇ. ಅವರಿಗೂ ಮನೆಗೆ ಬರುವ ತಂಗಿ ಇರುತ್ತಾಳೆ. ಅವರ ಮೇಲೆ ನನಗೆ ಪೂರ್ತಿ ಸಿಟ್ಟು ಬರಲಿಲ್ಲ, ಈಗಲೂ ಬರುವುದಿಲ್ಲ.

ತಂಗಿಯ ಮಂಚವನ್ನು ಜಗಲಿಯ ಆ ಮೂಲೆಗೇ ಹಾಕಿದ್ದೆವು. ಕಾಫಿ ಕೊಯ್ಲು ಶುರುವಾಗಿತ್ತು. ಅವ್ವ ಕಣದಲ್ಲಿ ನಮ್ಮ ಸ್ವಲ್ಪ ಹಣ್ಣನ್ನು ಒಣಗಲು ಹರಡಿ, ಸಂಜೆ ಒಟ್ಟು ಮಾಡಿ ಟಾರ್ಪಾಲ್ ಮುಚ್ಚುತ್ತಿದ್ದಳು. ನಾನು ಕೆಲಸದಿಂದ ಬಂದು ತಂಗಿಯ ಕಾಲ ಬಳಿ ಕೂರುತ್ತಿದ್ದೆ. ಒಂದು ದಿನ ಅವಳು ಫೋನ್ ಹಿಡಿದು ಏನನ್ನೋ ನೋಡುತ್ತಿದ್ದಳು. ಬಗ್ಗಿ ನೋಡಿದರೆ ಆಟ.

"ಅದೆಲ್ಲ ಯಾಕವ್ವ ನಿಂಗೆ? ಬಿಡಲ್ಲ ಅದು. ಹಿಡ್ಕಂಡ್ರೆ ಹಿಡ್ಕಂತು," ಎಂದೆ.

"ಇದು ಹಂಗಲ್ಲ ಕಣಣ್ಣಯ್ಯ. ಅಂಗಡಿ ಹುಡ್ಗಿ ಹಾಕ್ಕೊಟ್ಟಿದ್ದು. ಬಾ ಇಲ್ಲಿ, ಕೂತ್ಕೊ, ನೋಡು."

ಅದರಲ್ಲಿ ಒಬ್ಬಳು ಮುದುಕಿ. ಹೆಗಲ ಮೇಲೆ ಒಂದು ಹಗ್ಗ, ಕೈಯಲ್ಲಿ ಕೊಡಲಿ. ಬೆಟ್ಟದ ಮೇಲಿನಿಂದ ಕೆಳಗಿನವರೆಗೆ ಹಳ್ಳಗಳು, ಒಂದೊಂದರ ಮೇಲೂ ಮುರಿದುಬಿದ್ದ ಕಾಲುಸಂಕ. ಮರದ ದಿಮ್ಮಿ ಹುಡುಕಿ, ಹಗ್ಗ ಬಿಗಿದು, ಸಂಕವನ್ನು ಸರಿ ಮಾಡುತ್ತಾ ಇಳಿಯಬೇಕು. ಈ ದಡದಲ್ಲೂ ಆ ದಡದಲ್ಲೂ ಜನ ಕಾದು ನಿಂತಿರುತ್ತಾರೆ. ಒಬ್ಬ ಆಡು ಹಿಡಿದವನು, ಒಬ್ಬಳು ಬಸುರಿ, ಬೆನ್ನಿಗೆ ಬಾಗಿಲು ಹೊತ್ತವನೊಬ್ಬ. ಸಂಕ ಗಟ್ಟಿ ಇದ್ದರೆ ದಾಟುತ್ತಾರೆ. ಇಲ್ಲದಿದ್ದರೆ ನಡುವೆ ಬಂದು, ಕಾಲಿನಿಂದ ಒತ್ತಿ ನೋಡಿ, ತಿರುಗಿ ಹೋಗಿ ಕೂತುಕೊಳ್ಳುತ್ತಾರೆ. ಬೈಯುವುದಿಲ್ಲ. ನೀವು ಮತ್ತೆ ಕಟ್ಟಬೇಕು.

"ಹೊತ್ತು ಮೀರಿದ್ರೆ?" ಎಂದೆ.

"ಹೊತ್ತೇ ಇಲ್ಲ ಇದ್ರಲ್ಲಿ. ಇವತ್ ಬಿಟ್ಟು ನಾಳಿದ್ದು ಬಂದ್ರೂ ಅಲ್ಲೇ ಕೂತಿರ್ತಾರೆ."

"ಬಾ ಅಂತ ಕೂಗಲ್ವಾ?"

"ಕೂಗಕ್ಕೆ ಅದೇನ್ ನಮ್ಮತ್ತೆನಾ?"

ಸಂಜೆ ಹೊತ್ತು ಇಬ್ಬರೂ ಸೇರಿ ಅದನ್ನು ಆಡತೊಡಗಿದೆವು. ದಿಮ್ಮಿಯನ್ನು ಎಲ್ಲಿ ಊರಬೇಕು ಎನ್ನುವುದು ನನಗೆ ಬೇಗ ತಿಳಿಯುತ್ತಿತ್ತು. ಮಳೆಗಾಲದಲ್ಲಿ ತೋಟದ ಹಳ್ಳಕ್ಕೆ ಎಷ್ಟೋ ಸಂಕ ಹಾಕಿದ್ದೇನೆ. ಹಗ್ಗ ಬಿಗಿಯುವುದು ಅವಳ ಕೆಲಸ. ನಡುನಡುವೆ ನಿಲ್ಲಿಸಿ ಮಾತಿಗೆ ಇಳಿಯುತ್ತಿದ್ದೆವು, ಫೋನು ಸುಮ್ಮನೆ ಮಂಚದ ಮೇಲೆ ಬಿದ್ದಿರುತ್ತಿತ್ತು. ಚಿಕ್ಕವರಿದ್ದಾಗ ಇದೇ ಕಣದ ಮೂಲೆಯಲ್ಲಿ ಇದ್ದಿಲಿನಿಂದ ಮನೆ ಬರೆದು, ಹುಣಸೆ ಬೀಜ ತೇಯ್ದು ಚೌಕಾಬಾರ ಆಡುತ್ತಿದ್ದದ್ದು ನೆನಪಾಯಿತು. ಸಂಜೆ ಅವ್ವ ಕಾಫಿ ಒಟ್ಟು ಮಾಡಲು ಕರೆದರೆ ಕಾಯಿ ಹಾಗೇ ಬಿಟ್ಟು ಏಳುತ್ತಿದ್ದೆವು. ಆ ಇದ್ದಿಲ ಗೆರೆ ನಮ್ಮನ್ನು ತಿರುಗಿ ಕರೆದದ್ದಿಲ್ಲ. ಅವಳು ಆಗ ಕಾಯಿ ಕದಿಯುತ್ತಿದ್ದಳು. ಈಗ ಕೇಳಿದರೆ ಇಲ್ಲವೇ ಇಲ್ಲ ಎನ್ನುತ್ತಾಳೆ.

ಒಂದು ಸಂಜೆ ಕೊನೆಯ ಸಂಕ ಮುಗಿಯಿತು. ಎಲ್ಲರೂ ದಾಟಿದರು. ಆಮೇಲೆ ಮುದುಕಿ ತಿರುಗಿ ನಿಂತು ತಾನು ಕಟ್ಟಿದ ಸಂಕಗಳ ಮೇಲೆಯೇ ಒಂದೊಂದಾಗಿ ನಡೆಯುತ್ತಾ ಬೆಟ್ಟ ಹತ್ತಿದಳು. ಮೊದಲು ನಾವು ಕೆಟ್ಟದಾಗಿ ಕಟ್ಟಿದ್ದ ಸಂಕ ಅವಳ ಕಾಲ ಕೆಳಗೆ ಕಿರ್ ಎಂದಿತು, ತಡೆಯಿತು. ಮೇಲೆ ಒಂದು ಮನೆ. ಒಳಗೆ ಹೋದಳು, ದೀಪ ಹಚ್ಚಿದಳು, ಕತ್ತಲಾಯಿತು.

"ಮುಂದೆ?" ಎಂದೆ.

"ಮುಂದೇನಿಲ್ಲ. ಮುಗೀತು."

"ಮುಗಿಯೋ ಆಟಾನೂ ಐತಾ ಫೋನಲ್ಲಿ?"

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಆ ಮುದುಕಿಗೆ ನಾವು ಏನೋ ಮಾಡಿಕೊಟ್ಟಂತೆ, ಅವಳೂ ನಮಗೆ ಏನೋ ಕೊಟ್ಟು ಬಾಗಿಲು ಹಾಕಿಕೊಂಡಂತೆ ಆಗಿತ್ತು. ಅದನ್ನು ಹೇಳಲು ಬಾರದೆ, "ಆಟ ಅಂದ್ರೆ ಹೊತ್ತು ಕಳೆಯಕ್ಕೆ. ಅದ್ರಲ್ಲಿ ಇಷ್ಟೆಲ್ಲ ಯಾಕೆ ಇಟ್ಟಿದಾರೆ?" ಎಂದೆ.

"ಹೊತ್ತು ಕಳೆಯಕ್ಕೇ ಇರ್ಲಿ. ಕಳೆದ್ ಹೊತ್ತಲ್ಲಿ ಏನಾದ್ರೂ ಕೈಗ್ ಬರ್ಬೇಕಲ್ವಾ?" ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, "ನಾನು ಬ್ಲೌಸ್ ಹೊಲಿತೀನಿ. ಹಾಕ್ಕಂಡೋರು ಅದನ್ ಮರ್ತು ತಮ್ ಕೆಲ್ಸ ನೋಡ್ಕೊಂಡಿರ್ಬೇಕು, ಅದು ಒಳ್ಳೆ ಹೊಲಿಗೆ. ಬೇಕಂತ್ಲೇ ಕಂಕಳಲ್ಲಿ ಬಿಗಿ ಮಾಡಿ, ವಾರಕ್ಕೊಂದ್ ಸಲ ಹೊಲಿಗೆ ಬಿಚ್ಚಿಸ್ಕಳಕ್ಕೆ ಬರ್ಲಿ ಅಂತ ಹೊಲಿದ್ರೆ? ಗಿರಾಕಿ ಬತ್ತಾರೆ. ಅದು ಹೊಲಿಗೆನಾ ಅಣ್ಣಯ್ಯ? ನಿಂಗೆ ಯಾವ್ದೋ ಒಂದ್ ಆಟ ಇತ್ತಲ್ಲ, ಕೋಳಿದು. ಅದು ಹಂಗೆ ಹೊಲಿದಿದ್ದು."

ಕೋಳಿಯ ಮಾತು ಅವಳ ಬಾಯಿಂದ ಬಂದದ್ದೇ ನನ್ನ ಒಳಗಿನ ಗಂಟು ಸಡಿಲವಾಯಿತು. ಅವಳಿಗೆ ಗೊತ್ತಿದೆಯೇ ಎಂದು ಮುಖ ನೋಡಿದೆ. ಗೊತ್ತಿರಲಿಲ್ಲ. ಸುಮ್ಮನೆ ಒಂದು ಮಾತಿಗೆ ಅಂದಿದ್ದಳು. ನಾನು ಸುಮ್ಮನಿದ್ದಿದ್ದರೆ ಸಾಯುವವರೆಗೂ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವಳು ವಾಸಿಯಾಗಿ ಮತ್ತೆ ಆಲೂರಿಗೆ ಹೋಗುತ್ತಾಳೆ, ಮತ್ತೆ ಕೈಮರದಲ್ಲಿ ನಿಲ್ಲುತ್ತಾಳೆ, ನನ್ನ ಒಂದು ರಿಂಗನ್ನು ನಂಬಿ ಇಳಿಯುತ್ತಾಳೆ. ಹೇಳದೆ ಆ ರಿಂಗನ್ನು ಹೇಗೆ ಕೊಡಲಿ?

"ಅವತ್ತು ಮೆಸೇಜ್ ಬಂದಿತ್ತು," ಎಂದೆ.

"ಯಾವತ್ತು?"

"ನೀನು ಬಿದ್ದಿದ್ ದಿನ. ನೀನು ಮಿಸ್ಡ್ ಕಾಲ್ ಕೊಡೋಕೆ ಮೊದ್ಲೇ ಬಂದಿತ್ತು. ನಾನು ನೋಡ್ಲಿಲ್ಲ. ಆಟ ಆಡ್ತಿದ್ದೆ. ಬೆಳೆ ಬಾಡ್ತದೆ ಅಂತ ನೋಡ್ದೇನೇ ರಿಂಗ್ ಕೊಟ್ಬುಟ್ಟೆ."

ಅವಳು ಫೋನನ್ನು ಮಗುಚಿ ಹೊದಿಕೆಯ ಮೇಲೆ ಇಟ್ಟಳು. ಕಣದಲ್ಲಿ ಅವ್ವ ಕಾಫಿ ಎಳೆಯುವ ಸದ್ದು ಬರುತ್ತಿತ್ತು. ಅದು ನಿಂತಿತು. ಆಮೇಲೆ ಕೇಳಿದಳು,

"ಕೊಯ್ದ್ಯಾ?"

"ಏನು?"

"ಬೆಳೆ. ಕೊಯ್ದ್ಯಾ ಅವತ್ತು?"

"ಕೊಯ್ದೆ."

ಅವಳು ಗೋಡೆ ಕಡೆ ತಿರುಗಿದಳು. ಪೂರ್ತಿ ತಿರುಗಲು ಕಾಲು ಬಿಡಲಿಲ್ಲ, ಮುಖ ಮಾತ್ರ ತಿರುಗಿತು.

ಅಂದಿನಿಂದ ಬಚ್ಚಲಿಗೆ ಹೋಗಬೇಕಾದರೆ ಅವ್ವನನ್ನೇ ಕರೆಯುತ್ತಿದ್ದಳು. ಅವ್ವನ ಸೊಂಟಕ್ಕೆ ಅವಳ ಭಾರ ಹೊರಲು ಆಗುತ್ತಿರಲಿಲ್ಲ. ಆದರೂ ನಾನು ಎದ್ದರೆ ತಂಗಿ ಬೇಡ ಎಂದು ಕೈ ಆಡಿಸುತ್ತಿದ್ದಳು. ಅವ್ವ ಇಬ್ಬರ ಮುಖವನ್ನೂ ನೋಡಿ, "ಚೌಕಾಬಾರದಲ್ಲಿ ಕಿತ್ತಾಡ್ಕಂಡಂಗೆ ಆಡ್ತೀರಲ್ಲ," ಎಂದಳು. ಅವ್ವನಿಗೂ ಹೇಳಿದೆ. ಅವ್ವ, "ಅವ್ಳು ಬೈದ್ಲಾ?" ಎಂದು ಕೇಳಿದಳು. ಇಲ್ಲ ಎಂದೆ. "ಬೈದಿದ್ರೆ ಚೆನ್ನಾಗಿತ್ತು," ಎಂದಳು. ಪಕ್ಕದ ಎಸ್ಟೇಟಿಗೆ ಹೋಗಿ ರೈಟರಿಗೂ ಹೇಳಿ ಬಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಂದೂ ಅದೇ ಕತೆ ಮಾರಾಯ, ಬಣ್ಣದ ಗೋಲಿ ಒಡೆಯೋ ಆಟ. ಅವತ್ತು ನನ್ ಕೈಲಿ ಇರ್ಲಿಲ್ಲ ಅಷ್ಟೇ," ಎಂದರು. ಅದರಿಂದ ನನಗೆ ಸಮಾಧಾನ ಆಗಲಿಲ್ಲ, ಆದರೆ ಒಬ್ಬನೇ ಅಲ್ಲ ಎಂದು ತಿಳಿಯಿತು.

ತಂಗಿ ಮಾತಾಡಿದ್ದು ಊರುಗೋಲು ಬಂದ ಮೇಲೆ. ಜಗಲಿಯಲ್ಲಿ ಎರಡು ಸುತ್ತು ನಡೆದು ಬೆವರಿ ಕೂತಿದ್ದಳು. ನಾನು ನೀರು ಕೊಟ್ಟೆ, ತೆಗೆದುಕೊಂಡಳು.

"ಒಂದ್ ಮಾತು ಕೇಳ್ತೀನಿ," ಎಂದಳು. "ಅದಕ್ ಮುಂಚೆ ದಿನಾ ನೋಡಿ ರಿಂಗ್ ಕೊಡ್ತಿದ್ಯಾ?"

ಇದಕ್ಕೆ ನಾನು ಸಿದ್ಧನಿರಲಿಲ್ಲ. "ಮೊದ್ಮೊದ್ಲು ನೋಡ್ತಿದ್ದೆ," ಎಂದೆ. "ಉದ್ದ ಬರೆದಿದ್ರೆ ಓದಕ್ಕೆ ಆಗ್ತಿರ್ಲಿಲ್ಲ. ಆನೆ ಅನ್ನೋದು ಕಾಣ್ತದೆ. ಐತೋ, ಹೋಯ್ತೋ, ಯಾವ್ ಗೇಟೋ ಅನ್ನೋದು ಗಂಟಾಗ್ತದೆ. ನೀನ್ ಕಾಯ್ತಾ ಇರ್ತೀಯ ಅಂತ ಅಂದಾಜಿನ್ ಮೇಲೆ ಕೊಡ್ತಿದ್ದೆ. ಆಟದಲ್ಲಿ ಅಕ್ಷರ ಇರ್ಲಿಲ್ಲ ಕಣವ್ವ. ಅದ್ಕೇ ಅಲ್ಲಿ ನನಗೆ ಸುಖ ಆಗ್ತಿತ್ತು."

"ಓದಕ್ಕೆ ಬರಲ್ಲ ಅಂತ ಹೇಳಕ್ಕೆ ಏನಾಗಿತ್ತು ನಿಂಗೆ?"

"ನೀನು ಪಿಯುಸಿ ಓದಿದೋಳು. ನಾಚ್ಕೆ."

ಅವಳ ಕಣ್ಣಲ್ಲಿ ನೀರು ಬಂತು. ಬಿದ್ದಾಗಲೂ ಅತ್ತವಳಲ್ಲ. ನನ್ನನ್ನು ಶಾಲೆ ಬಿಡಿಸಿ ಅವಳನ್ನು ಶಾಲೆಯಲ್ಲಿ ಉಳಿಸಿದ್ದು ಇಬ್ಬರಿಗೂ ಗೊತ್ತಿದ್ದ ವಿಷಯ. ಅದರ ಮಾತು ಮಾತ್ರ ಒಂದು ದಿನವೂ ಆಡಿರಲಿಲ್ಲ. ಆಗಲೂ ಆಡಲಿಲ್ಲ. "ಆ ಆಟ ಮಾಡ್ದೋರ್ದು ತಪ್ಪು ಐತೆ," ಎಂದಳು. "ನಿನ್ನಂಥೋರು ಎಲ್ಲಿ ಜಾರ್ತಾರೆ ಅಂತ ನೋಡಿ ಅಲ್ಲೇ ಎಣ್ಣೆ ಸುರ್ದಿದಾರೆ. ನಿಂದೂ ತಪ್ಪು ಐತೆ. ಅವ್ರದ್ದು ಐತೆ ಅಂತ ನಿಂದು ಹೋಗಲ್ಲ."

"ಹೋಗಲ್ಲ," ಎಂದೆ.

"ಹೋಗಲ್ಲ ಅಂತ ಗೊತ್ತಿದ್ರೆ ಫೋನ್ ತಗೊಂಡ್ ಬಾ. ಗ್ರೂಪ್ ತೆಗಿ. ಓದು."

ಹಾಗೆ ಶುರುವಾಯಿತು. ಗ್ರೂಪಿನ ಹಳೆಯ ಮೆಸೇಜುಗಳೇ ನನ್ನ ಪಾಠ. ಎಲ್ಲೆಲ್ಲಿ ಆನೆ ಓಡಾಡಿತ್ತೋ ಅಲ್ಲೆಲ್ಲ ನಾನೂ ಅಕ್ಷರ ಕೂಡಿಸಿಕೊಂಡು ಓಡಾಡಿದೆ. ಅವಳು ಕಾಲು ಚಾಚಿ ಕೂತು ತಿದ್ದುತ್ತಿದ್ದಳು, ತಪ್ಪಿದರೆ ಊರುಗೋಲಿನಿಂದ ನನ್ನ ಮೊಣಕಾಲಿಗೆ ಮುಟ್ಟಿಸುತ್ತಿದ್ದಳು. ನಾನು ದೊಡ್ಡವನು ಎಂದು ಅವ್ವ ಗದರಿಸಿದರೆ, "ಸುಮ್ನಿರವ್ವ, ಮೇಷ್ಟ್ರಿಗೆ ಅಡ್ಡ ಬರ್ಬೇಡ," ಎನ್ನುತ್ತಿದ್ದಳು.

ಸ್ಕೂಟರ್ ರಿಪೇರಿ ಆಗಿ ಬಂತು. ಅವಳ ನಡಿಗೆಯಲ್ಲಿ ಒಂದು ಕಡೆ ಸ್ವಲ್ಪ ವಾಲುವುದು ಉಳಿದಿದೆ, ಅದು ಹೋಗುವುದಿಲ್ಲವಂತೆ. ಅವಳು ಮತ್ತೆ ಆಲೂರಿಗೆ ಹೊರಟ ಮೊದಲ ದಿನ ಸಂಜೆ ನಾನು ಪಂಪಿನ ಕೆಲಸ ಬೇಗ ಮುಗಿಸಿ ಬಂದು ಕಂಬಕ್ಕೆ ಒರಗಿ ನಿಂತೆ. ಮಿಸ್ಡ್ ಕಾಲ್ ಬಂದರೆ ಏನು ಮಾಡಬೇಕು, ಯಾವ ಮೆಸೇಜ್ ನೋಡಬೇಕು ಎಂದು ಮತ್ತೆ ಮತ್ತೆ ಹೇಳಿಕೊಂಡೆ. ಫೋನು ಬಡಿಯಿತು. ಒಂದು ಸಲ ಆಗಿ ನಿಲ್ಲಲಿಲ್ಲ. ಬಡಿಯುತ್ತಲೇ ಇತ್ತು. ಎತ್ತಿದೆ.

"ರಿಂಗು ಗಿಂಗು ಬೇಡ," ಎಂದಳು ತಂಗಿ. "ಗ್ರೂಪಲ್ಲಿ ಕೊನೇದು ಏನ್ ಐತೆ, ಗಟ್ಟಿಯಾಗಿ ಓದು. ನಂಗೆ ಕೇಳ್ಬೇಕು."

ಓದಿದೆ. ಗುಂಪು, ಎಂದೆ. ಕೆರೆ, ಎಂದೆ. ದಾಟಿ ಮೇಲಿನ ಕಾಡಿಗೆ, ಎಂದೆ. ನಡುವೆ ಒಂದು ಒತ್ತಕ್ಷರ ಬಂದು ನಿಂತುಬಿಟ್ಟೆ.

"ಬೇಗ ಓದಣ್ಣಯ್ಯ, ನೀನ್ ಓದೋಷ್ಟ್ರಲ್ಲಿ ಆನೆ ಮರಿ ಹಾಕ್ಬುಡ್ತದೆ."

"ಹೋಗಿದೆ. ಮೇಲಿನ ಕಾಡಿಗೆ ಹೋಗಿದೆ. ದಾರಿ ಖಾಲಿ ಇದೆ."

ಫೋನಿನಲ್ಲಿ ಕೈಮರದ ಹತ್ತಿರ ಯಾವುದೋ ಬಸ್ಸು ತಿರುಗಿಸಿಕೊಳ್ಳುವ ಸದ್ದು ಕೇಳುತ್ತಿತ್ತು.

"ಇನ್ನೊಂದ್ ಸಲ ಓದು," ಎಂದಳು.

ಮೊದಲಿನಿಂದ ಓದಿದೆ. ಈ ಸಲ ನಿಲ್ಲಲಿಲ್ಲ. ಇವತ್ತಿಗೂ ದಿನಾ ಎರಡು ಸಲ ಓದಿಸುತ್ತಾಳೆ. ಯಾಕೆ ಎಂದು ನಾನು ಕೇಳಿಲ್ಲ. ಎರಡನೆಯ ಸಲ ಮುಗಿದ ಮೇಲೆ ಫೋನಿನಲ್ಲೇ ಸ್ಕೂಟರ್ ಸ್ಟಾರ್ಟ್ ಆಗುವ ಸದ್ದು ಬರುತ್ತದೆ, ಆಮೇಲೆ ದಾರಿ ಇಳಿದಂತೆ ಟವರ್ ಹೋಗಿ ಮಾತು ಕಡಿಯುತ್ತದೆ. ನಾನು ಫೋನನ್ನು ಜೇಬಿಗೆ ಹಾಕಿ, ಕಾಫಿ ಗಿಡಗಳ ನಡುವೆ ಅವಳ ಗಾಡಿಯ ಬೆಳಕು ಕಾಣುವವರೆಗೆ ಅಲ್ಲೇ ನಿಂತಿರುತ್ತೇನೆ.